ತಗ್ಗಿನಲ್ಲೊಂದು ಮನೆ

"ಪ್ರತಿಭಾ ಇಲ್ಲಿ ಕಾಗದದ ಮನೆ ಅಂಟಿಸಿದ್ದಾಳೆ. ಸರಿನಾ, ಇಕ್ರಾ?" ಲಕ್ಷ್ಮಿಕಾಂತ ಸರ್ ಕೇಳಿದರು.

ಬೋರ್ಡಿನ ಮೇಲೆ ಕೆನಡಾದ ಹುಲ್ಲುಗಾವಲಿನ ಮ್ಯಾಪ್ ತೂಗುತ್ತಿತ್ತು. ಸಿಡುಬು ಎದ್ದ ಹಾಗೆ ಎಲ್ಲೆಲ್ಲೂ ನೀಲಿ ಹೊಂಡಗಳು. ಅವುಗಳ ಸುತ್ತ ಎತ್ತರ ತೋರಿಸುವ ಕಂದು ಗೆರೆಗಳು. ಆ ಕಡೆ ಜನಕ್ಕಿಂತ ಬಾತುಕೋಳಿಗಳೇ ಜಾಸ್ತಿಯಂತೆ.

ಇಕ್ರಾ ಎದ್ದು ನಿಂತಳು. "ತಪ್ಪು ಸರ್. ಆ ಗೆರೆಯ ಒಳಗಡೆ ಹಲ್ಲು ಹಲ್ಲು ಇದೆ. ಅಂದ್ರೆ ಅದು ತಗ್ಗು. ನಾಲ್ಕೂ ಕಡೆ ಎತ್ತರ. ನೀರು ಬರುತ್ತೆ, ಹೋಗೋಕೆ ದಾರಿ ಇಲ್ಲ. ಅಲ್ಲಿ ಮನೆ ಮಾಡೋರಿಗೆ ತಲೆ ಇಲ್ಲ ಸರ್."

ಕ್ಲಾಸೆಲ್ಲ ನಕ್ಕಿತು. ಪ್ರತಿಭಾ ಮುಖ ಊದಿಸಿಕೊಂಡು ಕಾಗದದ ಮನೆಯನ್ನು ಕಿತ್ತಳು. ಇಕ್ರಾಗೆ ಹತ್ತಕ್ಕೆ ಹತ್ತು.

ಸಂಜೆ ಬೆಲ್ ಹೊಡೆಯುವ ಹೊತ್ತಿಗೆ ಬಾಣಸವಾಡಿಯಲ್ಲಿ ಜೋರು ಮಳೆ ಸುರಿದು ನಿಂತಿತ್ತು. ಸ್ಕೂಲಿಂದ ಮನೆಗೆ ಐದೇ ನಿಮಿಷ. ಇಕ್ರಾ ಗತ್ತಿನಿಂದಲೇ ಹೊರಟಳು. ಬೇಕರಿ ಹತ್ತಿರ ನೀರು ಪಾದದಷ್ಟಿತ್ತು. ಅವರ ಗಲ್ಲಿಗೆ ತಿರುಗಿದರೆ ಮೊಣಕಾಲಿಗೆ ಬಂತು.

ಇಕ್ರಾ ನಿಂತು ನೋಡಿದಳು. ಮುಂದೆ ಮೇನ್ ರೋಡ್ ಎತ್ತರ. ಹಿಂದೆ ರೈಲ್ವೆ ಹಳಿ ಎತ್ತರ. ಎಡಗಡೆ ಹೊಸ ಅಪಾರ್ಟ್‌ಮೆಂಟ್, ಬಲಗಡೆ ಮದುವೆ ಹಾಲ್, ಎರಡೂ ಮಣ್ಣು ತುಂಬಿಸಿ ಎತ್ತರ ಮಾಡಿಕೊಂಡಿದ್ದವು. ನಡುವೆ ಅವರ ಮನೆ.

ಒಳಗೆ ಅವಳ ಅಜ್ಜಿ, ದಾದಿ ಚಾಂದ್ ಬೀ, ಮಂಚದ ಮೇಲೆ ಕಾಲು ಮಡಚಿ, ಅಕ್ಕಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅಬ್ಬಾ ಅಕ್ತರ್ ಬಕೆಟ್ಟಿನಲ್ಲಿ ನೀರು ಎತ್ತಿ ಎತ್ತಿ ಹೊರಗೆ ಚೆಲ್ಲುತ್ತಿದ್ದರು. ಚೆಲ್ಲಿದ ನೀರು ಹೊಸಿಲು ದಾಟಿ ವಾಪಸ್ ಬರುತ್ತಿತ್ತು.

"ಅಬ್ಬಾ, ನಮ್ಮ ಗಲ್ಲಿ ತಗ್ಗು. ನೀರು ಹೊರಗೆ ಹೋಗಲ್ಲ."

"ಗೊತ್ತು," ಅಂದರು ಅಬ್ಬಾ.

"ಯಾವಾಗ ಗೊತ್ತಾಯ್ತು?"

"ಮನೆ ನೋಡೋಕೆ ಬಂದ ದಿನವೇ. ಗೋಡೆ ಮೇಲೆ ನೀರು ನಿಂತ ಗುರುತಿತ್ತು. ಓನರ್ ಮಾತ್ರ, ಬೇಸಿಗೇಲಿ ತಂಪಾಗಿರುತ್ತೆ ಅಂದರು."

"ಗೊತ್ತಿದ್ದೂ ಯಾಕೆ ಬಂದ್ವಿ?"

ಅಬ್ಬಾ ಬಕೆಟ್ ಕೆಳಗಿಟ್ಟು ಸೊಂಟ ನೆಟ್ಟಗೆ ಮಾಡಿಕೊಂಡರು. "ಎತ್ತರದ ಜಾಗದಲ್ಲೂ ಒಂದು ಮನೆ ನೋಡಿದ್ದೆ, ಕೆ.ಆರ್. ಪುರಂ ಆಚೆ. ಅಲ್ಲಿಂದ ನೀನು ಎರಡು ಬಸ್ ಹತ್ತಬೇಕಿತ್ತು. ಇಲ್ಲಿ ಸ್ಕೂಲ್ ಹತ್ರ."

ಇವತ್ತು ಎಷ್ಟು ಮಾರ್ಕ್ಸ್ ಬಂತು ಅಂತ ದಾದಿ ಕೇಳಿದರು. ಇಕ್ರಾ ಬ್ಯಾಗನ್ನು ಮೊಳೆಗೆ ನೇತುಹಾಕಿದಳು. ಬಚ್ಚಲಿನಿಂದ ಇನ್ನೊಂದು ಬಕೆಟ್ ತಂದು ಅಬ್ಬಾನ ಪಕ್ಕ ನಿಂತಳು.