ಏಳನೆಯ ಹಡಗು

"ನಮ್ಮ ಹಡಗುಗಳ ಸುಂಕದಲ್ಲಿ ನೂರಕ್ಕೆ ಏಳು ಇಳಿಸಿ, ಈಗಲೇ ಸಹಿ ಹಾಕ್ತೀವಿ," ಎಂದು ವಿದೇಶಿ ರಾಯಭಾರಿ ಸ್ಕೋವ್ ನಕ್ಕ.

ವಗ್ದಿ ಬೇಯ ಮುಖ ಬಿಳಿಚಿಕೊಂಡಿತು. ಸೂಯೆಜ್ ಕಾಲುವೆಯ ಸುಂಕದಲ್ಲಿ ಈಜಿಪ್ಟ್ ಕೊನೆಗೆ ಎಷ್ಟು ಬಿಟ್ಟುಕೊಡಬಹುದೆಂಬುದು ಮೂವರಿಗಷ್ಟೇ ಗೊತ್ತಿತ್ತು: ನಿಯೋಗದ ಮುಖ್ಯಸ್ಥ ವಗ್ದಿ ಬೇ, ಕಾಲುವೆಯ ಹಡಗು ಸಾಲನ್ನು ನಿರ್ಧರಿಸುವ ಸಲಹೆಗಾರ ಕಪ್ತಾನ್ ಲುತ್ಫಿ, ಟೈಪಿಸ್ಟ್ ಇನ್ಶಿರಾ. ಆ ಅಂಕಿ ಏಳೇ! ನಿನ್ನೆ ಮಧ್ಯಾಹ್ನ ಅದನ್ನು ತೀರ್ಮಾನಿಸಿದ ಮೇಲೆ ಇಸ್ಮಾಯಿಲಿಯಾದ ಆ ಬಂಗಲೆಯಿಂದ ಮೂವರೂ ಹೊರಗೆ ಕಾಲಿಟ್ಟಿರಲಿಲ್ಲ. ಫೋನನ್ನೂ ಕತ್ತರಿಸಿದ್ದರು.

"ಇನ್ಯಾರು, ಅವಳೇ! ಮಧ್ಯಾಹ್ನದೊಳಗೆ ಕೈರೋಗೆ ಸಾಗಹಾಕಿ," ಎಂದು ಕಪ್ತಾನ್ ಗುಡುಗಿದ.

ಇನ್ಶಿರಾ ವಿಧವೆ, ಎರಡು ಮಕ್ಕಳ ತಾಯಿ. ಕೈರೋಗೆ ಹೋದರೆ ದೇಶದ್ರೋಹದ ಮೊಕದ್ದಮೆ. ಇನ್ಸ್‌ಪೆಕ್ಟರ್ ಶೆಹಾತಾನ ಕೈಯಲ್ಲಿ ತನಿಖೆಗೆ ಎರಡು ಗಂಟೆ ಇತ್ತು, ತಲೆಯಲ್ಲಿ ಮಾತ್ರ ಏನೂ ಇರಲಿಲ್ಲ.

*

"ನಿನ್ನೆ ಇಲ್ಲಿಂದ ಹೊರಗೆ ಏನೇನು ಹೋಯ್ತು?" ಎಂದು ಶೆಹಾತಾ ಕೇಳಿದ.

"ಮೀನಿನ ಚೀಟಿ, ಬಾಷಾ ಸಾಹೇಬ್ರೇ," ಎಂದ ಅಡುಗೆಯ ಬಯ್ಯೂಮಿ. "ಏಳು ಮೀನು."

"ಏಳು! ಏಳೇ ಯಾಕೆ?"

"ಊಟಕ್ಕೆ ಏಳು ಜನ. ಎಂಟು ತರಿಸಿದ್ರೆ ಒಂದನ್ನ ನಾನೇ ಗುಳುಂ ಮಾಡ್ದೆ ಅಂತೀರಲ್ಲ!"

ಮೀನಿನವನನ್ನು ಹಿಡಿದು ತಂದರು. ಚೀಟಿ ಹೋದದ್ದು ಬೆಳಿಗ್ಗೆ, ಅಂಕಿ ಹುಟ್ಟಿದ್ದು ಮಧ್ಯಾಹ್ನ. ಥೂ, ಅದೂ ಹೋಯಿತು.

"ಮತ್ತೆ?"

"ಸಂಜೆ, ಮಾರನೇ ದಿನ ಕಾಲುವೆ ದಾಟೋ ಹಡಗುಗಳ ಸರದಿ ಪಟ್ಟಿ," ಎಂದ ಕಾವಲಿನವನು. "ಅದು ದಿನಾ ಎಲ್ಲಾ ಹಡಗು ಏಜೆಂಟರಿಗೂ ಹೋಗತ್ತೆ. ಬರೀ ಹೆಸರುಗಳು."

ಶೆಹಾತಾ ದಿಕ್ಕು ತೋಚದೆ ಕಿಟಕಿಯ ಬಳಿ ನಿಂತ. ಕಾಲುವೆಯಲ್ಲಿ ಇವತ್ತಿನ ಸಾಲು ಹಾದುಹೋಗುತ್ತಿತ್ತು. ಹಾಳಾದ ಏಳು ತಲೆಯಲ್ಲಿ ಕೂತಿದ್ದರಿಂದ ಸುಮ್ಮನೆ ಎಣಿಸಿದ. ಏಳನೆಯದು ಗ್ಯಾಸ್ ಹಡಗು. ಅದರ ಹಿಂದೆ ಇನ್ನೂ ಹತ್ತು!

ಅವನು ಇದೇ ಊರಲ್ಲಿ ಹುಟ್ಟಿ ಬೆಳೆದವನು. ಗ್ಯಾಸ್ ಹಡಗು ಸಾಲಿನ ನಡುವೆ ಬಂದದ್ದನ್ನು ಕಂಡೇ ಇರಲಿಲ್ಲ. ಬೆಂಕಿಯ ಭಯಕ್ಕೆ ಅದನ್ನು ಯಾವಾಗಲೂ ಕೊನೆಗೆ ಬಿಡುತ್ತಾರೆ. ಅವನು ಇನ್ಶಿರಾ ಇದ್ದ ಕೋಣೆಗೆ ಓಡಿದ.

"ಮದಾಮ್, ಇವತ್ತಿನ ಪಟ್ಟಿ ಮಾಡಿದ್ದು ಯಾರು?"

"ಕಪ್ತಾನ್. ದಿನಾ ಅವರೇ ಬರೆದುಕೊಡೋದು, ನಾನು ಟೈಪ್ ಮಾಡ್ತೀನಿ. ಗ್ಯಾಸ್ ಹಡಗು ಕೊನೇಗಲ್ವಾ ಅಂದೆ. ನಿನ್ನ ಕೆಲಸ ನೋಡ್ಕೋ ಅಂದ್ರು."

"ಮೊದಲೇ ಹೇಳೋದಲ್ವಾ?"

"ನೀವು ಬಂದಾಗಿನಿಂದ 'ಯಾರಿಗೆ ಮಾರ್ದೆ' ಅನ್ನೋದು ಬಿಟ್ರೆ ಬೇರೇನಾದ್ರೂ ಕೇಳಿದ್ರಾ, ಬಾಷಾ?"

ಶೆಹಾತಾಗೆ ನಾಚಿಕೆಯಾಯಿತು.

*

ಅವನು ಕಪ್ತಾನನ ಕೈಬರಹದ ಪಟ್ಟಿಯನ್ನು ಮೇಜಿನ ಮೇಲಿಟ್ಟ. ಗ್ಯಾಸ್ ಹಡಗಿನ ಮುಂದೆ ಹದಿನೇಳು ಎಂದು ಬರೆದು, ಹೊಡೆದುಹಾಕಿ, ಏಳು ಮಾಡಿದ್ದ.

"ಸ್ಕೋವ್‌ನ ದೇಶದ ಹಡಗು ಏಜೆಂಟರಿಗೆ ಹೋಗೋ ಪಟ್ಟಿಯಲ್ಲಿ ಎಷ್ಟನೇ ಜಾಗದಲ್ಲಿರತ್ತೋ ಅಷ್ಟೇ ರಿಯಾಯಿತಿ. ಇದು ನಿಮ್ಮ ಒಪ್ಪಂದ, ಅಲ್ವಾ ಕಪ್ತಾನ್? ಆದ್ರೆ ನಿನ್ನೆ ಹೋದ ಪಟ್ಟಿಯಲ್ಲಿ ಆ ದೇಶದ್ದು ಅಂತ ಇದ್ದದ್ದು ಗ್ಯಾಸ್ ಹಡಗು ಒಂದೇ. ಅದನ್ನ ಕೊನೇಗೆ ಬಿಟ್ಟಿದ್ರೆ ನೂರಕ್ಕೆ ಹದಿನೇಳು ಅಂತಾಗ್ತಿತ್ತು. ಬೇರೆ ದಾರಿ ಇರ್ಲಿಲ್ಲ ನಿಮಗೆ."

ಕಪ್ತಾನ್ ಕುರ್ಚಿಯಲ್ಲಿ ಕುಸಿದ. "ರಿಟೈರಾದ ಮೇಲೆ ಅವರ ಕಂಪನಿಯಲ್ಲಿ ಕೆಲಸ ಕೊಡ್ತೀವಿ ಅಂದಿದ್ರು," ಎಂದು ಗೊಣಗಿದ.

ಪೊಲೀಸರು ಅವನನ್ನು ಕರೆದೊಯ್ದರು. ವಗ್ದಿ ಬೇ ನಿಟ್ಟುಸಿರು ಬಿಟ್ಟು, ಏನೂ ಆಗಿಲ್ಲವೆಂಬಂತೆ ಇನ್ಶಿರಾಳತ್ತ ತಿರುಗಿದ.

"ಬನ್ನಿ ಮದಾಮ್, ಹೊಸ ಅಂಕಿ ಹೇಳ್ತೀನಿ. ಬೇಗ ಟೈಪ್ ಮಾಡಿ."

ಇನ್ಶಿರಾ ಕೈಚೀಲ ಹೆಗಲಿಗೇರಿಸಿದಳು.

"ಈ ಸಲ ನೀವೇ ಟೈಪ್ ಮಾಡ್ಕೊಳ್ಳಿ, ಬೇ. ಗುಟ್ಟು ಹೊರಬಿದ್ರೆ ನಿಮ್ಮನ್ನೇ ಹಿಡೀಲಿ."