ಎಡಗೈ ಬಡಿಗಿ

ಸಮ್ಯಕನಿಗೆ ಗಾಲ್ಫ್ ಎಂದರೆ ಪ್ರಾಣ ಎಂದು ಗೆಳೆಯರೆಲ್ಲ ನಂಬಿದ್ದರು. ಪಾಪ, ನಂಬಲಿ. ರವಿವಾರ ಕೋಳಿ ಕೂಗುವ ಮೊದಲೇ ಎದ್ದು, ನುಣ್ಣಗೆ ಗಡ್ಡ ಕೆರೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತನ್ನೂರು ಕಾಖಂಡಕಿಯಿಂದ ಭೂತನಾಳದವರೆಗೆ ಬೈಕು ಓಡಿಸಿಕೊಂಡು ಬರುವ ಗಂಡಸನ್ನು ಕಂಡರೆ ಯಾರಾದರೂ ಹಾಗೇ ತಿಳಿಯುತ್ತಾರೆ. ಆ ಆಟಕ್ಕೆ ವಿಶಾಖಾಳೂ ಬರುತ್ತಾಳೆ ಎಂಬುದೇ ನಿಜವಾದ ಕಾರಣ. ಅದನ್ನು ಅವನು ಒಂದು ವರ್ಷದಿಂದ ಹೊಟ್ಟೆಯಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದ.

ಆಟ ಶುರುವಾದದ್ದೂ ಒಂದು ತಮಾಷೆಯೇ. ತಿಕೋಟಾದ ದ್ರಾಕ್ಷಿ ಬೆಳೆಗಾರ ಸಂಗು ಒಣದ್ರಾಕ್ಷಿ ಮಾರಲು ಸಾಂಗ್ಲಿಗೆ ಹೋದವನು, ಅಲ್ಲಿನ ಗುಜರಿ ಅಂಗಡಿಯಲ್ಲಿ ಒಂದು ಚೀಲ ತುಂಬ ಗಾಲ್ಫ್ ಕೋಲುಗಳನ್ನು ಕಂಡು, ಏನಕ್ಕೆ ಎತ್ತ ಎಂದು ಯೋಚಿಸದೆ ಹೊತ್ತು ತಂದಿದ್ದ. ಅವಕ್ಕೆ ‘ಬಡಿಗಿ’ ಎಂದು ಹೆಸರಿಟ್ಟವನೂ ಅವನೇ. ಭೂತನಾಳ ಕೆರೆಯ ಮಗ್ಗುಲಲ್ಲಿ ಅವನ ಮಾವನ ಬೀಳು ಹೊಲವಿತ್ತು. ಅಲ್ಲಿ ಹುಲ್ಲು ಎಲ್ಲಿಂದ ಬರಬೇಕು? ಟ್ರ್ಯಾಕ್ಟರಿನ ಹಳೇ ಎಣ್ಣೆ ಕಲಸಿದ ಮರಳನ್ನು ಹರವಿ ಸಮ ಮಾಡಿ, ನಡುವೆ ಹಾಲಿನ ಪುಡಿಯ ಡಬ್ಬಿ ಹೂತರು, ಕುಳಿಯಾಯಿತು. ಮೊಬೈಲಿನಲ್ಲಿ ವಿಡಿಯೊ ನೋಡಿ ಕಲಿತರು. ಸಂಗು, ಜೋರಾಪುರ ಪೇಟೆಯಲ್ಲಿ ಟೇಲರಿಂಗ್ ಅಂಗಡಿ ಇಟ್ಟ ಮಿನಾಜ, ತಿಕೋಟಾದ ಕರೆಂಟ್ ಆಫೀಸಿನ ಇಂಜಿನಿಯರ್ ಸಮ್ಯಕ, ಬಬಲೇಶ್ವರದ ಹೈಸ್ಕೂಲಿನ ಇಬ್ಬರು ಟೀಚರುಗಳಾದ ಪೂನಮ ಮತ್ತು ವಿಶಾಖಾ. ಐದು ಜನರ ಈ ದಂಡಿಗೆ ಒಂದೇ ಆಸೆ: ಒಮ್ಮೆಯಾದರೂ ನಿಜವಾದ ಹಸಿರು ಹುಲ್ಲಿನ ಮೇಲೆ ಚೆಂಡು ಹೊಡೆಯಬೇಕು.

ಆ ಆಸೆಗೆ ಕೈಕಾಲು ಮೂಡಿಸಿದವಳು ವಿಶಾಖಾ.

ಮಿನಾಜಳ ಅಂಗಡಿಯಲ್ಲಿ, ಹೊಲಿಗೆ ಮಷಿನ್ನುಗಳ ನಡುವೆ ಚುರುಮುರಿ ಹರವಿಕೊಂಡು ಅವರು ಕೂತಿದ್ದ ಆ ಸಂಜೆ, ಸಮ್ಯಕ ಅವಳನ್ನು ನೋಡುತ್ತಲೇ ಇದ್ದ. ಯೋಚಿಸುವಾಗ ಅವಳ ಒಂದು ಹುಬ್ಬು ಮೆಲ್ಲಗೆ ಮೇಲೇರುತ್ತದೆ. ಪೆನ್ನಿನ ಟೊಪ್ಪಿಗೆ ಕೆಳತುಟಿಗೆ ತಾಗುತ್ತದೆ. ಲೆಕ್ಕ ಸರಿಹೋದ ಕೂಡಲೇ ಹುಬ್ಬು ಇಳಿದು ನಗು ಬರುತ್ತದೆ. ಗಣಿತ ಎಂದರೆ ಓಡುತ್ತಿದ್ದ ಹುಡುಗರು ಈಗ ಅವಳ ಕ್ಲಾಸಿಗೆ ಮುಂದಿನ ಬೆಂಚು ಹಿಡಿಯಲು ಓಡುತ್ತಾರಂತೆ. ಅವರ ತಪ್ಪೇನೂ ಇಲ್ಲ ಎಂದುಕೊಂಡ ಸಮ್ಯಕ.

“ದಸರಾದಾಗ ಮೈಸೂರಿಗೆ ಹೋದ್ರ ನಿಲ್ಲಾಕ ಜಾಗಾ ಸಿಗೂದಿಲ್ಲ,” ಅವಳು ಹೇಳಿದಳು. “ಗದ್ದಲ ಮುಗದ ಮ್ಯಾಲ ಹೋಗೂನು. ಆಗ ಲಾಡ್ಜಿನವ್ರ ಕರದು ಚಾ ಕುಡಸ್ತಾರ. ಸಾಲಿ ರಜಾನೂ ಇರ್ತದ. ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನ್ಯಾಗ ಸ್ಲೀಪರ್ ಸಾಕು. ಅಲ್ಲಿ ಗಾಲ್ಫ್ ಕ್ಲಬ್ಬಿನ್ಯಾಗ ಆಟ ಬುಧವಾರ. ರವಿವಾರದ ರೇಟ್ ಕೇಳಿದ್ರ ಎದಿ ಒಡೀತದ.”

“ಊಟ?” ಸಂಗುವಿಗೆ ಅದೇ ಚಿಂತೆ.

“ಬುತ್ತಿ. ನಿಮ್ಮ ಮನಿದು ಖಡಕ್ ರೊಟ್ಟಿ, ಪೂನಮ ಮನಿದು ಮೊಸರು, ಮಿನಾಜ ಮನಿದು ಉಪ್ಪಿನಕಾಯಿ. ಕರೆಂಟ್ ಸಾಹೇಬ್ರ ಮನಿದು ಶೇಂಗಾ ಚಟ್ನಿ. ಅವರವ್ವನ ಕೈದ ಆಗಬೇಕು, ಇವ್ರ ಕೈದು ಬ್ಯಾಡ.”

ಹೀಗೆ ಹೇಳಿ ಅವನತ್ತ ಓರೆಗಣ್ಣು ಹರಿಸಿದಳು. ಸಮ್ಯಕನ ಕೈಯ ಚುರುಮುರಿ ಅರ್ಧ ಅಂಗಿಯ ಮೇಲೆ ಬಿತ್ತು.

“ಗಾಲ್ಫ್ ಆಡಾಕ ಬುತ್ತಿ ಕಟಗೊಂಡ ಹೋಗೂದು ಎಲ್ಯರ ಕೇಳಿಯೇನ್ ಲೇ ಸಮ್ಯಕ?” ಸಂಗು ಹೊಟ್ಟೆ ಹಿಡಿದು ನಕ್ಕ.

“ಯಾಕ, ರೊಕ್ಕಿದ್ದವ್ರು ಹೊಟ್ಟಿ ಹಸಗೊಂಡ ಆಡ್ತಾರೇನು?” ವಿಶಾಖಾ ಕೇಳಿದಳು.

ದೊಡ್ಡವರ ಆಟ ಎಂದು ಊರೇ ದೂರ ಇಟ್ಟದ್ದನ್ನು ಈ ಹೆಣ್ಣು ರೊಟ್ಟಿ ಗಂಟಿನಲ್ಲಿ ಕಟ್ಟಿಕೊಟ್ಟಿದ್ದಳು. ಅಂಗಡಿ ಮುಚ್ಚಿದರೆ ನಷ್ಟ ಎಂದು ಮಿನಾಜ ಹಿಂಜರಿದಾಗ, ಹಬ್ಬದ ಬಟ್ಟೆಗಳೆಲ್ಲ ಗಿರಾಕಿಗಳ ಮನೆ ಸೇರಿದ ಮೇಲಿನ ವಾರವನ್ನೇ ಹುಡುಕಿ ಇಟ್ಟಿದ್ದಳು. ಯಾರಿಗೂ ಭಾರವಾಗದಂತೆ, ಯಾರಿಗೂ ಸಣ್ಣತನ ಅನ್ನಿಸದಂತೆ. ಸಮ್ಯಕನಿಗೆ ಎದ್ದು ನಿಂತು ಚಪ್ಪಾಳೆ ತಟ್ಟಬೇಕು ಅನ್ನಿಸಿತು. ಇಷ್ಟಕ್ಕೂ ಅವನದೂ ಒಂದು ಗುಟ್ಟಿನ ಯೋಜನೆ ಇತ್ತು. ರೈಲಿನಲ್ಲಿ ಬೆಳಗಾಗುವ ಹೊತ್ತಿಗೆ, ಉಳಿದವರು ಮುಸುಕು ಹಾಕಿ ಮಲಗಿರುವಾಗ, ಕಿಟಕಿಯ ಹತ್ತಿರ ಕೂತು ಅವಳಿಗೆ ಎಲ್ಲ ಹೇಳಿಬಿಡುವುದು.

“ಇನ್ನೊಂದ ಮಾತು,” ಎಂದಳು ವಿಶಾಖಾ, ಚುರುಮುರಿಯಲ್ಲಿ ಶೇಂಗಾ ಆರಿಸುತ್ತ. “ಅಲ್ಲಿ ಒಂದ ಗುಂಪಿನ್ಯಾಗ ನಾಲ್ಕ ಮಂದಿ ಅಷ್ಟ ಆಡಬೇಕಂತ. ಐದನೇದವ್ರಿದ್ರ ಬ್ಯಾರೆ ಗುಂಪು, ಬ್ಯಾರೆ ಖರ್ಚು. ಅದಕ್ಕ ನೀವು ನಾಲ್ಕ ಮಂದಿ ಹೋಗಿ ಬರ್ರಿ.”

ಮಷಿನ್ನಿನ ಮೇಲೆ ತಾಳ ಹಾಕುತ್ತಿದ್ದ ಮಿನಾಜಳ ಬೆರಳು ನಿಂತಿತು.

“ಮತ್ತ ನೀವು?” ಸಮ್ಯಕ ಕೇಳಿದ.

“ನಾ ಯಾಕ್ರಿ? ನನ್ನ ಬಡಿಗಿಗೆ ಚೆಂಡ ಸಿಗೂದಿಲ್ಲ. ಬಾವುಟ ಹಿಡ್ಕೊಂಡು ನಿಲ್ಲಾಕ ಮೈಸೂರ ತನಕಾ ಹೋಗಬೇಕೇನು?”

ಅವಳು ನಕ್ಕಳು. ನಗು ಒಂದು ಗಳಿಗೆ ತಡವಾಗಿ ಬಂದದ್ದು ಸಮ್ಯಕನಿಗೆ ಕಂಡಿತು. ಉಳಿದವರು ಬೇಡಿಕೊಂಡರು, ಬೈದರು. ಒಬ್ಬೊಬ್ಬರಿಗೂ ಅವಳ ಹತ್ತಿರ ಉತ್ತರ ಸಿದ್ಧವಿತ್ತು. ಅವಳಿಲ್ಲದ ಮೈಸೂರು ತನಗೆ ಯಾತಕ್ಕೆ ಬೇಕು ಎಂದು ಕೇಳುವ ಧೈರ್ಯ ಸಮ್ಯಕನಿಗೆ ಬರಲಿಲ್ಲ. ಮನೆಗೆ ಹೋಗಿ ಊಟ ಬಿಟ್ಟು ಮಲಗಿದ.

ಮುಂದಿನ ರವಿವಾರ ಭೂತನಾಳದಲ್ಲಿ ಅವಳು ಎಂದಿನಂತೆ ಕುಳಿಯ ಹತ್ತಿರ ಕೆಂಪು ಬಾವುಟ ಹಿಡಿದು ನಿಂತಿದ್ದಳು. ಗಾಳಿಗೆ ಕೂದಲು ಮುಖಕ್ಕೆ ಬರುತ್ತಿತ್ತು, ಸರಿಸುತ್ತಿದ್ದಳು, ಮತ್ತೆ ಬರುತ್ತಿತ್ತು. ಸಂಗು ಹೊಡೆದ ಚೆಂಡು ಹಾದಿ ತಪ್ಪಿ ಜಾಲಿಕಂಟಿಯ ಬುಡ ಸೇರಿತು. ವಿಶಾಖಾ ಬಗ್ಗಿ ಹೆಕ್ಕಿ, “ಹಿಡೀರಿ ಸಾಹೇಬ್ರ!” ಎಂದು ಬೀಸಿ ಒಗೆದಳು.

ಅಷ್ಟು ದೂರದಿಂದ ಬಂದ ಚೆಂಡು ಸಮ್ಯಕನ ಅಂಗೈಗೆ ನೆಟ್ಟಗೆ ಬಂದು ಕೂತಿತು. ಅವನು ಮಾತ್ರ ಅವಳ ಕೈಯನ್ನೇ ನೋಡುತ್ತಿದ್ದ. ಒಗೆದದ್ದು ಎಡಗೈ.

“ಏನ ನೋಡಾಕತ್ತೀರಿ?”

“ಚೆಂಡ.”

“ಚೆಂಡ ನಿಮ್ಮ ಕೈಯಾಗ ಐತ್ರಿ.”

ಅಂದು ಪೂರ್ತಿ ಅವನಿಗೆ ಅವಳನ್ನು ನೋಡಲು ಒಂದು ನ್ಯಾಯವಾದ ಕಾರಣ ಸಿಕ್ಕಿತ್ತು. ಬಾಟಲಿಯ ಮುಚ್ಚಳ ತಿರುವಿದ್ದು ಎಡಗೈ. ಮೇಯಲು ಬಂದ ಆಡನ್ನು ಅಟ್ಟಿದ್ದು, ಕೂದಲು ಸರಿಸಿದ್ದು ಎಡಗೈ. ಬುತ್ತಿ ಬಿಚ್ಚಿದಾಗ ರೊಟ್ಟಿ ಮುರಿದದ್ದು ಮಾತ್ರ ಬಲಗೈ. ಬಡಿಗಿ ಹಿಡಿಯುವುದೂ ಎಲ್ಲರಂತೆ ಬಲಗೈಯವರ ಹಾಗೆ.

ಉಳಿದವರು ಕೈತೊಳೆಯಲು ಕೆರೆಯ ಕಡೆ ಹೋದಾಗ ಅವನು ಕೇಳಿಯೇಬಿಟ್ಟ. “ಸಣ್ಣಾಕಿ ಇದ್ದಾಗ ನೀವು ಎಡಚಿ ಇದ್ರೇನು?”

ವಿಶಾಖಾಳ ಹುಬ್ಬು ಮೇಲೇರಿತು. ಈ ಸಲ ಅದು ಬೇಗ ಇಳಿಯಲಿಲ್ಲ.

“ನಿಮಗ ಯಾರ ಹೇಳಿದ್ರು?”

“ಯಾರೂ ಹೇಳಿಲ್ರಿ. ಕಂಡೆ.”

ಅವಳು ತನ್ನ ಎಡಗೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡಳು. “ಉಣ್ಣಾಗ ನಮ್ಮಜ್ಜಿ ಈ ಕೈಗೆ ಅರಿವಿ ಸುತ್ತಿ ಕಟ್ಟತಿದ್ಲು. ಸಾಲ್ಯಾಗ ಕಟಗಿ ಪಟ್ಟೀಲೆ ಬಡೀತಿದ್ರು. ಬರಬರ್ತಾ ನನಗ ಮರತ ಹೋತು. ಯಾರೂ ಕೇಳಿದ್ದೂ ಇಲ್ಲ.” ಸ್ವಲ್ಪ ತಡೆದು, “ಇಷ್ಟ್ಯಾಕ ನೋಡ್ತೀರಿ ನೀವು ನನ್ನ?” ಎಂದಳು.

ಅಷ್ಟರಲ್ಲಿ ಸಂಗು ಬಂದು ಮೊಸರಿನ ಡಬ್ಬಿ ಎಲ್ಲಿ ಎಂದು ಕೇಳಿ, ಒಂದು ಒಳ್ಳೆಯ ಗಳಿಗೆಯನ್ನು ಹಾಳುಮಾಡಿದ.

ಎಡಚರು ಎಂದರೆ ಏನೆಂದು ಸಮ್ಯಕನಿಗೆ ಚೆನ್ನಾಗಿ ಗೊತ್ತಿತ್ತು. ಅವನ ಅವ್ವ ಪರಸವ್ವ ಪೂರಾ ಎಡಚಿ. ಪ್ರಾಯದಲ್ಲಿ ಜೋಳ ಕೊಯ್ಯಲು ಹೋದಾಗ, ಈಕೆಗೆ ಕೆಲಸ ಬರುವುದಿಲ್ಲ ಎಂದು ಸಾಲಿನ ಹೆಂಗಸರು ನಗುತ್ತಿದ್ದರಂತೆ. ಕಾಖಂಡಕಿಯ ಕಮ್ಮಾರ ಶಿವಯೋಗೆಪ್ಪ ಅಲಗನ್ನು ತಿರುವಿ ಹಾಕಿ ಒಂದು ಎಡಗೈ ಕುಡಗೋಲು ಮಾಡಿಕೊಟ್ಟ. ಆಮೇಲೆ ಅವಳ ಸಾಲಿಗೆ ಸಮ ಬರುವವರೇ ಇರಲಿಲ್ಲ. ಆ ಕುಡಗೋಲು ಈಗಲೂ ಅಡುಗೆಮನೆಯ ಗೋಡೆಯಲ್ಲಿ ತೂಗುತ್ತಿತ್ತು. ಮನೆಯಲ್ಲಿ ಬೇರೆ ಯಾರ ಕೈಗೂ ಅದು ಹೊಂದುತ್ತಿರಲಿಲ್ಲ.

ಮರುದಿನ ಸಮ್ಯಕ ಸಂಗುವಿನ ಚೀಲದಿಂದ ಒಂದು ಹೆಚ್ಚಿನ ಬಡಿಗಿ ಬೇಡಿ ತಂದು, ಮುದುಕ ಶಿವಯೋಗೆಪ್ಪನ ಕುಲುಮೆಯ ಮುಂದೆ ಕೂತ.

“ಇದ ಏನೋ ಯಪ್ಪಾ? ಹಾಂವ ಹೊಡ್ಯಾಕೇನು?”

“ಇಲ್ಲ ಕಾಕಾ. ಇದನ್ನ ಎಡಗೈ ಬಡಿಗಿ ಮಾಡಬೇಕು. ನಮ್ಮವ್ವಗ ಕುಡಗೋಲ ಮಾಡಿದಂಗ.”

“ಯಾರಿಗೆ?”

ಸಮ್ಯಕ ನೆಲ ನೋಡಿದ. ಮುದುಕ ಮತ್ತೆ ಕೇಳದೆ, ಮೀಸೆಯಲ್ಲೇ ನಗುತ್ತ ತಿದಿ ಒತ್ತಿದ. ಕಬ್ಬಿಣದ ಕುತ್ತಿಗೆ ಕಾಯಿಸಿ ಆಚೆ ತಿರುಚಿ, ಹಿಂಬದಿಯನ್ನು ಉಜ್ಜಿ ಮುಂಬದಿ ಮಾಡಿಕೊಟ್ಟ.

ರವಿವಾರ ಆ ಬಡಿಗಿಯನ್ನು ಕಂಡು ಎಲ್ಲರಿಗಿಂತ ಹೆಚ್ಚು ನಕ್ಕವಳು ವಿಶಾಖಾಳೇ. “ನನ್ನ ಮರ್ಯಾದಿ ತಗ್ಯಾಕ ಇಷ್ಟ ಖಟಪಟಿ ಮಾಡೀರೇನು?”

“ಒಂದ ಸಲ ಹೊಡೀರಿ. ಆ ಮಗ್ಗಲಕ್ಕ ನಿಂತು.”

ಮೊದಲ ಬೀಸಿಗೆ ಮಣ್ಣು ಹಾರಿತು. ಎರಡನೆಯದಕ್ಕೆ ಚೆಂಡು ಪಕ್ಕಕ್ಕೆ ಉರುಳಿತು. “ನಾ ಹೇಳಲಿಲ್ಲೇನು?” ಎಂದಳು. ಆದರೆ ಬಡಿಗಿಯನ್ನು ಕೆಳಗಿಡಲಿಲ್ಲ. ಕಾಲು ಸರಿಪಡಿಸಿಕೊಂಡಳು, ತುಟಿ ಕಚ್ಚಿದಳು. ಮೈಯೆಲ್ಲ ಸಡಿಲಾಗಿ, ಎಷ್ಟೋ ವರ್ಷ ಕಟ್ಟಿಟ್ಟ ಅರಿವೆ ಬಿಚ್ಚಿದ ಹಾಗೆ ಕೈ ಬೀಸಿತು.

ಟಣ್ಣೆಂದಿತು. ಚೆಂಡು ಎದ್ದಿತು, ಜಾಲಿಕಂಟಿ ದಾಟಿತು, ಕೆರೆಯ ಏರಿ ದಾಟಿತು, ಆಚೆ ಎಲ್ಲೋ ನೀರಿನಲ್ಲಿ ಬುಳುಕ್ ಎಂದಿತು.

ಪೂನಮ ಕಿರುಚಿದಳು, ಸಂಗು ರುಮಾಲು ಹಾರಿಸಿದ. ವಿಶಾಖಾ ಮಾತ್ರ ತನ್ನ ಕೈಗಳನ್ನು ನೋಡುತ್ತ ನಿಂತಳು. ಕಣ್ಣು ತುಂಬಿದ್ದವು, ಅದರೊಳಗೇ ನಗುತ್ತಿದ್ದಳು. ಅಂಥ ಮುಖವನ್ನು ಸಮ್ಯಕ ಈ ಜನ್ಮದಲ್ಲಿ ಕಂಡಿರಲಿಲ್ಲ.

“ಈಗ ನಾಲ್ಕ ಮಂದಿ ಬರೋಬರಿ ಆತು ನೋಡ್ರಿ,” ಎಂದ ಅವನು. “ನೀವು, ಸಂಗು, ಮಿನಾಜ, ಪೂನಮ. ನಾ ಆಡೂದಿಲ್ಲ. ನಿಮ್ಮ ಚೀಲಾ ಹೊರ್ತೇನಿ. ಚೀಲಾ ಹೊರಾವಗ ಆಟದ ಫೀ ಇಲ್ಲಂತ, ಫೋನ್ ಹಚ್ಚಿ ಕೇಳೇನಿ.”

“ಹುಚ್ಚಗಿಚ್ಚ ಹಿಡದೈತೇನ್ರಿ? ನೀವು ಆಟ ಬಿಡೂದಾ? ಗಾಲ್ಫ್ ಅಂದ್ರ ನಿಮಗ ಪ್ರಾಣ ಅಂತಾರ ಎಲ್ಲಾರೂ!”

ಸಮ್ಯಕ ಅವಳ ಕಣ್ಣನ್ನೇ ನೋಡಿ ಹೇಳಿದ, “ಗಾಲ್ಫ್ ಅಲ್ರಿ.”

ಗಾಳಿ ಬೀಸಿತು. ಕೂದಲು ಮುಖಕ್ಕೆ ಬಂತು. ಈ ಸಲ ಅವಳು ಸರಿಸಲಿಲ್ಲ.

ಮಿನಾಜ ಸಂಗುವಿನ ತೋಳು ಹಿಡಿದು ಎಳೆದಳು. “ಬಾರೋ, ಚೆಂಡ ಹುಡುಕೂನು.”

“ಚೆಂಡ ಕೆರ್ಯಾಗ ಬಿದ್ದೈತಿ ಬೇ!”

“ಹಂಗಾದ್ರ ಕೆರ್ಯಾಗ ಹುಡುಕೂನು, ನಡಿ.”

ಪೂನಮಳೂ ಅವರ ಬೆನ್ನು ಹತ್ತಿದಳು, ಇಬ್ಬರೇ ಉಳಿದರು. ವಿಶಾಖಾ ಬಡಿಗಿಯ ಹೊಸ ಮುಖವನ್ನು ಹೆಬ್ಬೆರಳಿನಿಂದ ಸವರಿದಳು. “ಇದನ್ನ ಮಾಡಸೂದು ನಿಮಗ ಹೆಂಗ ಹೊಳೀತು?” ಎಂದಳು. ಅವನು ಅವ್ವನ ಕುಡಗೋಲಿನ ಕಥೆ ಹೇಳಿದ. ಅವಳು ಒಂದು ಮಾತೂ ಬಿಡದಂತೆ ಕೇಳಿದಳು.

“ಆ ಕುಡಗೋಲ ನಾ ನೋಡಬೇಕು.”

“ಮುಂದಿನ ವಾರ ತರ್ತೇನ್ರಿ.”

“ತರಬ್ಯಾಡ್ರಿ.” ಹುಬ್ಬು ಮೆಲ್ಲಗೆ ಏರಿತು. “ಅದು ಇದ್ದಲ್ಲೇ ನೋಡಬೇಕು. ಹೆಂಗಿದ್ರೂ ನಿಮ್ಮ ಮನಿಗೆ ಚಟ್ನಿ ಒಯ್ಯಾಕ ಯಾರರ ಬರಬೇಕಲ್ಲ?” ಎಂದು ಹುಬ್ಬು ಇಳಿಸಿ ನಕ್ಕಳು. ಲೆಕ್ಕ ಸರಿಹೋದಾಗಿನ ನಗು ಅದು, ಸಮ್ಯಕನಿಗೆ ಗುರುತು ಸಿಕ್ಕಿತು.

ಹೊರಡುವ ಹಿಂದಿನ ದಿನ ಅವಳು ಕಾಖಂಡಕಿಗೆ ಬಂದಳು. ಪರಸವ್ವ ಶೇಂಗಾ ಹುರಿದು ಕುಟ್ಟುತ್ತಿದ್ದವಳು ಎದ್ದು, ಕೈ ಒರೆಸಿಕೊಂಡು, ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಎಡಗೈಯ ಸಂಗತಿ ಮಗ ಹೇಳಿದ್ದ. ಗೋಡೆಯ ಕುಡಗೋಲನ್ನು ತೆಗೆದು ಅವಳ ಎಡಗೈಗೆ ಇಟ್ಟಳು. ಬೆರಳುಗಳು ಹಿಡಿಕೆಯ ಸವೆದ ಜಾಗದಲ್ಲೇ ಹೋಗಿ ಕೂತವು.

“ಹೊಂದೇತಿ,” ಎಂದಳು ಪರಸವ್ವ, ಮಗನ ಕಡೆ ನೋಡುತ್ತ.

ಗಂಗಾಳ ಹಚ್ಚಿ ರೊಟ್ಟಿ, ಬದನಿಕಾಯಿ ಪಲ್ಯ, ಬಿಸಿ ಚಟ್ನಿ ಬಡಿಸಿದಳು. ವಿಶಾಖಾಳ ಎಡಗೈ ತಾನಾಗಿಯೇ ರೊಟ್ಟಿಯ ಕಡೆ ಹೋಯಿತು. ಅರ್ಧದಲ್ಲೇ ಬೆಚ್ಚಿ, ಮಡಿಲಿಗೆ ಮರಳಿತು. ಬಲಗೈ ಮುಂದೆ ಬಂತು.

ಪರಸವ್ವ ಅದನ್ನು ಕಂಡಳು. ಪಕ್ಕದಲ್ಲೇ ಇನ್ನೊಂದು ಗಂಗಾಳ ಹಚ್ಚಿಕೊಂಡು ಕೂತು, ತನ್ನ ಎಡಗೈಯಿಂದ ರೊಟ್ಟಿ ಮುರಿದಳು.

“ಕೈ ಯಾಕ ಹಿಂದ ತಗೊಂಡಿ ಬೇ? ಉಣ್ಣು. ಇಷ್ಟ ದಿನಾ ಈ ಮನ್ಯಾಗ ನಾ ಒಬ್ಬಾಕೇ ಇದ್ದೆ. ಇನ್ನ ಇಬ್ಬರಾದ್ವಿ.”

ವಿಶಾಖಾ ತಲೆ ತಗ್ಗಿಸಿದಳು. ಒಂದು ಹನಿ ಗಂಗಾಳದ ಅಂಚಿಗೆ ಬಿತ್ತು. ಆಮೇಲೆ ಎಡಗೈಯಿಂದ ರೊಟ್ಟಿ ಮುರಿದು, ಚಟ್ನಿ ಹಚ್ಚಿ ಬಾಯಿಗಿಟ್ಟುಕೊಂಡಳು. ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ಸಮ್ಯಕನಿಗೆ ತಾನೂ ಉಣ್ಣಬೇಕೆಂಬುದೇ ಮರೆತುಹೋಗಿತ್ತು.

“ಸಾಹೇಬ್ರ, ನೋಡ್ಕೋತ ನಿಂತೀರಲ್ಲ, ದೊಡ್ಡ ಡಬ್ಬಿ ತರ್ರಿ,” ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ. “ಚಟ್ನಿ ಸಾಲಬೇಕು. ಐದ ಮಂದಿ ಹೊಂಟೇವಿ.”

ಅವನು ಡಬ್ಬಿ ಹುಡುಕಲು ಒಳಗೆ ಹೋದ.