ಜಡ್ಜ್ ಸಾಹೇಬರ ಮೂಗು

ಅತ್ತಿಗೆ ಕಿರುಚಿದ ರಭಸಕ್ಕೆ ನಮ್ಮ ಬೀದಿಯ ಕಾಗೆಗಳೆಲ್ಲ ಊರು ಬಿಟ್ಟವು. ನಾನು ಒಂದೇ ನೆಗೆತಕ್ಕೆ ಮಹಡಿಯಲ್ಲಿದ್ದೆ.

ಅತ್ತಿಗೆ ಚಿತ್ರ ಬರೆಯುವವಳು. ಅವಳ ಹೂವಿಗೆ ಮುತ್ತಿದ ಜೇನುಹುಳಗಳು ನಿರಾಸೆಯಿಂದ ಪ್ರಾಣ ಬಿಟ್ಟದ್ದನ್ನು ನಾನೇ ಕಂಡಿದ್ದೇನೆ. ಮುಖ ಬರೆದರೆ ಜನ ಅಸಲು ಮನುಷ್ಯನನ್ನು ಬಿಟ್ಟು ಚಿತ್ರವನ್ನೇ ಮಾತಾಡಿಸುತ್ತಾರೆ. ಅಂಥವಳ ಕೈಯಲ್ಲಿ ಅರಳಿದ ಜಡ್ಜ್ ಸಾಹೇಬರಿಗೆ ಈಗ ಮೂಗೇ ಇಲ್ಲ! ಕಣ್ಣಿದೆ, ಮೀಸೆಯಿದೆ. ನಡುವೆ ಬರೀ ಹಸಿ ಬಣ್ಣದ ಕಲೆ. ಸಂಜೆ ಚಿತ್ರ ಒಯ್ಯಲು ಸಾಹೇಬರೇ ಬರುವವರು.

ಅನುಮಾನ ಬಿದ್ದದ್ದು ನನ್ನ ಅಕ್ಕನ ಮೇಲೆ. ಆ ಮೂಗು ಬದನೆಕಾಯಿಯ ಹಾಗಿದೆ ಅಂತ ನಿನ್ನೆ ಅವಳೇ ನಕ್ಕಿದ್ದಳು. ಹೊಟ್ಟೆಕಿಚ್ಚು ಎಂದಳು ಅತ್ತಿಗೆ. ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದ ಜೋಡಿ ಅದು. ಅಕ್ಕ ಪೆಟ್ಟಿಗೆ ತುಂಬತೊಡಗಿದಳು.

ನಾನು ಸೋದರಮಾವನನ್ನು ಎಳೆತಂದೆ. ಈ ಪತ್ತೇದಾರನ ಹೆಸರು ಕೇಳಿದರೆ ಕಳ್ಳರು ಕದ್ದದ್ದನ್ನು ಅಂಚೆಯಲ್ಲಿ ವಾಪಸು ಕಳಿಸುತ್ತಾರೆ. ಅವರ ಬಲಗೈ ನಾನು, ಎಡಗೈಯೂ ನಾನೇ. ಎಲ್ಲರ ಬೆರಳು ಪರೀಕ್ಷಿಸಿದೆ. ಬಣ್ಣವಿಲ್ಲ. ಮಾವ ಭೂತಗನ್ನಡಿ ಹಿಡಿದು ಚಿತ್ರವನ್ನೇ ನೋಡುತ್ತ ನಿಂತರು.

"ಮೂಗು ಮುಗಿಸಿ ಏನ್ಮಾಡ್ದೆಯಮ್ಮ?"

"ಎದುರಿನ ಸ್ಟ್ಯಾಂಡಲ್ಲಿದ್ದ ಗುಲಾಬಿ ಚಿತ್ರಕ್ಕೆ ಕೈ ಹಾಕಿದೆ."

"ಆಗ ಸಾಹೇಬ್ರು?"

"ಬೆನ್ನ ಹಿಂದೆ."

"ಹೂ ಸರಿ ಬಂತಾ ಅಂತ ಹೇಗೆ ನೋಡ್ತೀಯ?"

"ದೂರ ನಿಂತು. ಹತ್ತಿರದಿಂದ ಏನೂ ಗೊತ್ತಾಗಲ್ಲ ಮಾವ."

"ನೋಡಿ ತೋರ್ಸು."

ಅತ್ತಿಗೆ ಒಂದು ಕಣ್ಣು ಕಿರಿದು ಮಾಡಿ, ಗುಲಾಬಿಯನ್ನೇ ದಿಟ್ಟಿಸುತ್ತ ಹಿಂದೆ ಸರಿದಳು — ಇನ್ನೂ ಹಿಂದೆ — ಮಾವ ಭುಜ ಹಿಡಿದು ನಿಲ್ಲಿಸಿದರು. ತುರುಬಿಗೂ ಸಾಹೇಬರ ಮುಖಕ್ಕೂ ನಡುವೆ ನೊಣ ನುಸುಳುವಷ್ಟು ಜಾಗ.

"ಎಲ್ರ ಬೆರಳೇ ನೋಡಿದ್ರಿ. ಬೆರಳಲ್ಲಿ ಒರೆಸಿದ್ರೆ ಬಣ್ಣ ಅಗಲವಾಗಿ ಬಳ್ಕೊಂಡು ಹೋಗ್ತದೆ. ಇಲ್ಲಿರೋದು ಎಳೆ ಎಳೆ ಗೆರೆ, ಕೂದಲಿನ ಗುರುತು. ಕಳ್ಳಿ ನೀನೇ ಕಣಮ್ಮ."

ನನಗಿದು ಮೊದಲೇ ಗೊತ್ತಿತ್ತು. ಮಾವನ ಮರ್ಯಾದೆ ಉಳಿಯಲಿ ಅಂತ ಸುಮ್ಮನಿದ್ದೆ.

ಅತ್ತಿಗೆ ತುರುಬು ಮುಟ್ಟಿಕೊಂಡಳು. ಕೈಯೆಲ್ಲ ಮೂಗಿನ ಬಣ್ಣ. ಹೋಗಿ ಅಕ್ಕನ ಪೆಟ್ಟಿಗೆಯ ಮೇಲೆ ಕುಕ್ಕರಿಸಿದಳು.

"ನಾನು ಏಳಲ್ಲ. ಅದು ಹೇಗೆ ಹೋಗ್ತೀಯೋ ಹೋಗು."

ಅಕ್ಕ ಬಗ್ಗಿ ಅವಳ ತುರುಬನ್ನೇ ನೋಡಿದಳು. ಆಮೇಲೆ, "ತಲೆಗೆ ಹೂ ಮುಡಿಯೋರನ್ನ ನೋಡಿದ್ದೆ ಅತ್ತಿಗೆ. ಜಡ್ಜ್ ಮೂಗು ಮುಡಿದೋರನ್ನ ಇವತ್ತೇ ನೋಡಿದ್ದು" ಎಂದಳು.

ಸಂಜೆಯೊಳಗೆ ಹೊಸ ಮೂಗು ಬಂತು. ಅತ್ತಿಗೆ ಹಿಂದೆ ಸರಿದು ನೋಡಿದಾಗಲೆಲ್ಲ ಅಕ್ಕ ಅವಳ ತುರುಬನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.